ನಾಲ್ಕು ಬಾಯಿಯ ಡಬ್ಬಿ

ಬ್ಯಾಂಕಿನಲ್ಲಿರುವ ನಿಮ್ಮ ಹಣ ನಿಮ್ಮ ಕೈಯಲ್ಲಿಲ್ಲ. ಅದು ಬ್ಯಾಂಕು ನಿಮಗೆ ಕೊಡಬೇಕಾದ ಬಾಕಿ, ಅಷ್ಟೇ. ಅವರು ಕೊಡುತ್ತಿರುವವರೆಗೆ ನೀವು ದೊಡ್ಡ ಗ್ರಾಹಕರು. “ಇವತ್ತು ಆಗಲ್ಲ” ಅಂದ ಕ್ಷಣ ಕೌಂಟರಿನ ಮುಂದೆ ನಿಂತ ಇನ್ನೊಬ್ಬ ಅರ್ಜಿದಾರರು. ಇದೇನೂ ಗುಟ್ಟಲ್ಲ. ಆದರೂ ನಿಮ್ಮಲ್ಲಿ ಬಹಳ ಜನ ಇದನ್ನು ಅರಗಿಸಿಕೊಂಡಿಲ್ಲ, ಯಾಕೆಂದರೆ ನಿಮಗೆ ಯಾರೂ ಹಾಗೆ ಅಂದಿಲ್ಲ. ಗಂಟಕ್ಕನಂಥವರಿಗೆ ಅಂದಿದ್ದಾರೆ, ಮತ್ತೆ ಮತ್ತೆ, ತಲೆ ಎತ್ತಿ ಮುಖ ಕೂಡ ನೋಡದೆ.

ಗಂಟಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡ ಆಸ್ಪತ್ರೆಯೊಂದರ ಹಿಂದುಗಡೆ, ಜನರೇಟರಿನ ಕೋಣೆಗೂ ಕಸದ ಗಾಡಿ ನಿಲ್ಲುವ ಜಾಗಕ್ಕೂ ನಡುವೆ, ತಗಡಿನ ಮಾಡಿನ ಒಂದು ಶೆಡ್ಡು ಇದೆ. ಆಸ್ಪತ್ರೆಯ ಬಟ್ಟೆ ಒಗೆಯುವುದು ಅಲ್ಲಿ. ವಾರ್ಡುಗಳಿಂದ ಹಾಸು, ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು ಎಲ್ಲ ದೊಡ್ಡ ದೊಡ್ಡ ಗಂಟಾಗಿ ಬಂದು ಬೀಳುತ್ತವೆ. ಆ ಗಂಟು ಬಿಚ್ಚಿ ರಕ್ತದ್ದು, ವಾಂತಿಯದ್ದು, ಬರೀ ಬೆವರಿನದ್ದು ಅಂತ ಬೇರೆ ಬೇರೆ ಮಾಡುವವಳು ಇವಳು. ಮೊಣಕೈವರೆಗೆ ರಬ್ಬರ್ ಗ್ಲೌಸು, ಮೂಗಿಗೆ ಬಟ್ಟೆ. ಹೊಸಬರು ಈ ಕೆಲಸಕ್ಕೆ ಬಂದರೆ ಮಧ್ಯಾಹ್ನದ ಊಟ ಬಿಟ್ಟು ಓಡುತ್ತಾರೆ. ಇವಳು ಅಲ್ಲೇ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು. “ಹೊಲಸು ಹೊರಗಿನದು ಕಣ್ರೇ, ತೊಳೆದ್ರೆ ಹೋಗುತ್ತೆ,” ಅನ್ನುತ್ತಿದ್ದಳು. “ಆಫೀಸ್ ಕೋಣೇಲಿ ಇರೋದು ತೊಳೆದ್ರೂ ಹೋಗಲ್ಲ.”

ಗಂಟಿನಲ್ಲಿ ಬಟ್ಟೆ ಮಾತ್ರ ಬರುವುದಿಲ್ಲ. ಸೂಜಿ, ಚಮಚ, ಮಾತ್ರೆಯ ಪಟ್ಟಿ, ಮಕ್ಕಳ ಗಿಲಕಿ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಬಂದಿತ್ತು. ವಾರ್ಡಿಗೆ ಕಳಿಸಿದರೆ ಮೂರು ಜನ ಮುದುಕರು ನಮ್ಮದು ಅಂತ ಹಕ್ಕು ಸಾಧಿಸಿದರಂತೆ. ಬೆಲೆಬಾಳುವ ವಸ್ತುಗಳನ್ನು ಸೂಪರ್‌ವೈಸರನಿಗೆ ಒಪ್ಪಿಸಬೇಕು. ಆದರೆ ಕೋಟಿನ ಜೇಬಿನ ಚಿಲ್ಲರೆ, ದಿಂಬಿನ ಚೀಲದಲ್ಲಿ ಮಡಚಿಟ್ಟು ಮರೆತ ನೋಟು, ಇವನ್ನು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ಶೆಡ್ಡಿನ ಹೆಂಗಸರು ಅದಕ್ಕೊಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದರು. ವಾರಕ್ಕೊಮ್ಮೆ ಪ್ರತಿಯೊಬ್ಬಳೂ ತನ್ನ ಕೂಲಿಯಿಂದ ಒಂದಿಷ್ಟು ಅದೇ ಡಬ್ಬಿಗೆ ಹಾಕುತ್ತಿದ್ದಳು. ಒದ್ದೆಯಾದ ನೋಟುಗಳನ್ನು ಇಸ್ತ್ರಿಯ ಬಿಸಿ ರೋಲರಿಗೆ ಕೊಟ್ಟರೆ ಗರಿಗರಿಯಾಗಿ ಹೊರಗೆ ಬರುತ್ತಿದ್ದವು. ಸರ್ಕಾರ ಅಚ್ಚು ಹಾಕಿದ ದಿನವೂ ಅಷ್ಟು ನೀಟಾಗಿದ್ದವೋ ಇಲ್ಲವೋ. ಯಾರಿಗಾದರೂ ಕಾಯಿಲೆಯಾದರೆ, ಯಾರ ಗಂಡನಾದರೂ ಕೆಲಸ ಕಳೆದುಕೊಂಡರೆ, ಆ ಡಬ್ಬಿ ತೆರೆಯುತ್ತಿತ್ತು. ಕೊಟ್ಟದ್ದನ್ನು ವಾಪಸ್ ಕೇಳಿದ ಉದಾಹರಣೆ ಇಲ್ಲ.

ಒಂದು ದಿನ ಸೂಪರ್‌ವೈಸರ್ ಬಂದು ಡಬ್ಬಿಯನ್ನು ಎತ್ತಿಕೊಂಡು ಹೋದ. “ಶೆಡ್ಡಿನ ಒಳಗೆ ಸಿಕ್ಕಿದ್ದೆಲ್ಲ ಕಂಪನಿಯದು,” ಅಂದ. ಅವನ ಕಂಪನಿ ಅಂದರೆ ಬಟ್ಟೆ ಒಗೆಯುವ ಗುತ್ತಿಗೆ ಹಿಡಿದ ಕಂಪನಿ. ಅದರ ಮಾಲೀಕರನ್ನು ಹೆಂಗಸರು ಯಾರೂ ಕಂಡಿಲ್ಲ.

ಆಮೇಲೆ ಅವರು ಬುದ್ಧಿವಂತರು ಹೇಳಿದ ಹಾಗೆ ಮಾಡಿದರು. ಬ್ಯಾಂಕಿಗೆ ಹೋದರು. ಹರಿದ ಹಾಸುಗಳಿಗೆ ತೇಪೆ ಹಾಕುವ ವಯಸ್ಸಾದ ಹೆಂಗಸೊಬ್ಬಳು ಅಲ್ಲಿದ್ದಾಳೆ, ಎಲ್ಲರೂ ಅವಳನ್ನು ದೊಡ್ಡಮ್ಮ ಅನ್ನುತ್ತಾರೆ. ವಾರವಾರ ಡಬ್ಬಿಗೆ ಹಾಕುತ್ತಿದ್ದ ಹಣವನ್ನು ಅವಳ ಖಾತೆಗೆ ಹಾಕತೊಡಗಿದರು. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಖಾತೆಗೆ ಬೀಗ ಬಿತ್ತು. ವಿಳಾಸದ ದಾಖಲೆ ಹಳೆಯದಾಯಿತಂತೆ. ಹೊಸ ದಾಖಲೆ ಬೇಕೆಂದರೆ ಬಾಡಿಗೆ ಕರಾರು ಬೇಕು. ಕರಾರು ಕೊಟ್ಟರೆ ತೆರಿಗೆ ಕಟ್ಟಬೇಕಾಗುತ್ತದೆ ಅಂತ ಮನೆ ಮಾಲೀಕ ಕೊಡುವುದಿಲ್ಲ. ಆ ಬೀಗ ಬಿದ್ದಿದ್ದಾಗಲೇ ದೊಡ್ಡಮ್ಮನ ತಮ್ಮ ಕಾಯಿಲೆ ಬಿದ್ದ. ತನ್ನ ಹೆಸರಿನಲ್ಲಿದ್ದ ಹಣಕ್ಕಾಗಿ ದೊಡ್ಡಮ್ಮ ಕೌಂಟರಿನಿಂದ ಕೌಂಟರಿಗೆ ಅಲೆದಳು. ಹಣ ಕೈಗೆ ಬರುವಷ್ಟರಲ್ಲಿ ತಮ್ಮನ ಕಥೆ ಮುಗಿದಿತ್ತು. ಈ ಸಾವಿಗೆ ಯಾರ ಮೇಲೂ ಕೇಸಾಗಲಿಲ್ಲ. ನಿಯಮ ಪಾಲಿಸುವುದು ಅಪರಾಧವಲ್ಲವಲ್ಲ.

ಹಾಗಾಗಿ ನನಗೆ ಡಿಜಿಟಲ್ ನಾಣ್ಯದ, ಅಂದರೆ ಬ್ಯಾಂಕಿನ ಹಂಗಿಲ್ಲದೆ ಫೋನಿನಿಂದ ಫೋನಿಗೆ ಹೋಗುವ ಹಣದ, ಅಪಾಯದ ಬಗ್ಗೆ ಪಾಠ ಹೇಳಲು ಬರುವವರು ಮೊದಲು ದೊಡ್ಡಮ್ಮನ ಹತ್ತಿರ ಹೋಗಿ ಬರಲಿ.

ಆಸ್ಪತ್ರೆಯ ಎದುರು ರಸ್ತೆಯಲ್ಲಿ ಮೊಬೈಲ್ ರಿಪೇರಿಯವನೊಬ್ಬನ ಅಂಗಡಿ ಇದೆ. ಎರಡು ಜನ ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಜಾಗ. ದೂರದಲ್ಲಿರುವ ಅಣ್ಣ ಅವನಿಗೆ ಇಂಥ ನಾಣ್ಯದಲ್ಲೇ ಹಣ ಕಳಿಸುತ್ತಿದ್ದ. ಅದನ್ನು ನೋಡಿ ಗಂಟಕ್ಕ ವಿಚಾರಿಸಿದಳು. ಒಂದು ಸಂಜೆ ನಾಲ್ಕು ಜನ ಹೆಂಗಸರು ಆ ಅಂಗಡಿಯಲ್ಲಿ ತುರುಕಿಕೊಂಡರು: ಗಂಟಕ್ಕ, ದೊಡ್ಡಮ್ಮ, ಹಾಸು ಮಡಿಚುವ ಉದ್ದಕ್ಕ, ಇಸ್ತ್ರಿಯ ರೋಲರಿಗೆ ಬಟ್ಟೆ ಕೊಡುವ ರೋಲರ್ ತಂಗಿ. ಉದ್ದಕ್ಕನಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ರೋಲರ್ ತಂಗಿ ನಾಲ್ವರಲ್ಲಿ ಚಿಕ್ಕವಳು, ಮದುವೆಯಾಗಿ ವರ್ಷವಾಗಿತ್ತಷ್ಟೇ.

“ಇದು ಯಾವ ಸರ್ಕಾರದ್ದಪ್ಪ?” ದೊಡ್ಡಮ್ಮ ಕೇಳಿದಳು.

“ಯಾವ ಸರ್ಕಾರದ್ದೂ ಅಲ್ಲ ದೊಡ್ಡಮ್ಮ.”

“ಮತ್ತೆ ಯಾರ ಮುಖ ನೋಡಿ ನಂಬೋದು?”

“ಇಷ್ಟು ದಿನ ಯಾರ ಮುಖ ನೋಡಿ ನಂಬಿದ್ರಿ, ಹೇಳಿ.”

ರಿಪೇರಿಯವನು ವಿವರಿಸಿದ. ಹಣ ಫೋನಿನೊಳಗೆ ಇರುವುದಿಲ್ಲ. ಲೋಕದ ತುಂಬ ಇರುವ ಸಾವಿರಾರು ಕಂಪ್ಯೂಟರುಗಳು ಯಾರ ಪಾಲಿಗೆ ಎಷ್ಟು ಅಂತ ಒಟ್ಟಿಗೆ ನೆನಪಿಟ್ಟುಕೊಂಡಿರುತ್ತವೆ. ಅದನ್ನು ತೆಗೆಯುವ ಬೀಗದ ಕೈ ಅಂದರೆ ಇಪ್ಪತ್ತನಾಲ್ಕು ಪದ, ಅದೇ ಕ್ರಮದಲ್ಲಿ. ಆ ಪದಗಳು ಗೊತ್ತಿದ್ದವರು ಯಾವ ಫೋನಿನಿಂದ ಬೇಕಾದರೂ ತೆಗೆಯಬಹುದು. ನೋಟು ತನಗೆ ಕೊಟ್ಟರೆ ಅಷ್ಟು ನಾಣ್ಯ ಹಾಕುತ್ತೇನೆ, ಹಾಕುವುದಕ್ಕೆ ಪದ ಬೇಡ, ಅಂಗಡಿಗಳಲ್ಲಿ ಅಂಟಿಸಿರುವಂಥ ಒಂದು ಚೌಕದ ಚಿತ್ರ ಸಾಕು ಅಂದ.

“ಪದ ಮರೆತ್ರೆ?” ದೊಡ್ಡಮ್ಮ ಕೇಳಿದಳು.

“ಹಣ ಹೋಯ್ತು.”

“ಯಾರಿಗೆ ದೂರು ಕೊಡೋದು?”

“ಕೊಡೋಕೆ ಯಾರೂ ಇಲ್ಲ.”

“ಅದೇನು ಹೊಸದು ಬಿಡಪ್ಪ,” ಅಂದಳು ಉದ್ದಕ್ಕ. “ಈಗೇನು ಸಾಲು ನಿಂತು ಕೇಳ್ತಿದ್ದಾರಾ ನಮ್ಮ ದೂರನ್ನ?”

ತಿಳಿದವರು ಇಲ್ಲಿ ಆ ಪದಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡುತ್ತಾರೆ. ಈ ನಾಲ್ವರ ಮನೆಯಲ್ಲಿ ಬೀಗವಿರುವ ಬೀರು ಇರಲಿಲ್ಲ. ಬೀಗ ಒಡೆಯಬಲ್ಲ ಗಂಡಸರು ಇದ್ದರು. ಗಂಟಕ್ಕ ಒಂದು ಉಪಾಯ ಹೇಳಿದಳು. ಪದಗಳು ಫೋನಿನ ಪರದೆಯ ಮೇಲೆ ಆರಾರರಂತೆ ನಾಲ್ಕು ಪುಟದಲ್ಲಿ ಬರುತ್ತಿದ್ದವು. ಒಬ್ಬೊಬ್ಬಳು ಒಂದೊಂದು ಪುಟ ಮಾತ್ರ ನೋಡಬೇಕು, ಬಾಯಿಪಾಠ ಮಾಡಬೇಕು, ಬರೆಯಬಾರದು. ಆಮೇಲೆ ಫೋನಿನಿಂದ ಎಲ್ಲ ಅಳಿಸಿಬಿಡಬೇಕು. ಬೇಕಾದಾಗ ನಾಲ್ವರೂ ಕೂಡಿ ಕೂತು ಹೇಳಿದರೆ ಮಾತ್ರ ಬೀಗ ಬಿಚ್ಚಬೇಕು.

ರಿಪೇರಿಯವನು ತಲೆ ಹಿಡಿದುಕೊಂಡ. “ಹಾಗೆ ಯಾರೂ ಮಾಡಲ್ಲಕ್ಕ. ನಿಮ್ಮಲ್ಲಿ ಒಬ್ಬರು ಮುನಿಸ್ಕೊಂಡ್ರೂ ಕಥೆ ಮುಗೀತು.”

“ಎಲ್ಲ ಪದಾನೂ ಒಬ್ಬಳ ಹತ್ರ ಇದ್ರೆ ಅವಳೇ ಬ್ಯಾಂಕಾಗಿ ಕೂತ್ಕೋತಾಳೆ,” ಅಂದಳು ಗಂಟಕ್ಕ. “ಮುನಿಸ್ಕೊಂಡೋಳನ್ನ ಸಮಾಧಾನ ಮಾಡ್ಬೋದು. ಬ್ಯಾಂಕನ್ನ ಸಮಾಧಾನ ಮಾಡೋಕಾಗುತ್ತಾ?”

ಲೆಕ್ಕಪತ್ರ ಬಲ್ಲವರಿಗೆ ಇದು ಹುಚ್ಚು. ನಾಲ್ವರಲ್ಲಿ ಒಬ್ಬಳು ಲಾರಿಯ ಅಡಿಗೆ ಬಿದ್ದರೆ ಇಡೀ ಶೆಡ್ಡಿನ ಉಳಿತಾಯ ಗಾಳಿಗೆ ಹೋಗುತ್ತದೆ. ಅವರಿಗೂ ಅದು ಗೊತ್ತಿತ್ತು. ಆದರೆ ಆ ಶೆಡ್ಡಿನಲ್ಲಿ ಯಾವ ಕೆಲಸವೂ ಒಬ್ಬಳಿಂದ ಆಗುವುದಿಲ್ಲ. ಆಸ್ಪತ್ರೆಯ ಹಾಸನ್ನು ಒಬ್ಬಳೇ ಮಡಿಚಲು ಹೋದರೆ ತೊಳೆದದ್ದೆಲ್ಲ ನೆಲ ಒರೆಸುತ್ತದೆ. ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು, ಜಾಡಿಸಿ, ನಡೆದು ಬಂದು ಕೈಗೆ ಕೈ ಮುಟ್ಟಿಸಬೇಕು. ಹಣವನ್ನೂ ಹಾಗೆಯೇ ಹಿಡಿಯಬಹುದು ಅಂತ ಅವರಿಗೆ ತೋಚಿತು. ಬೇರೆಯವರಿಗೆ ತೋಚುತ್ತಿರಲಿಲ್ಲ.

ಗಂಟಕ್ಕನಿಗೆ ಪರಭಾಷೆಯ ಆರು ಪದ ಬಂದವು. ಅರ್ಥ ಗೊತ್ತಿಲ್ಲ. ಒಲೆಯ ಮುಂದೆ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ ಅದನ್ನೇ ಗುನುಗಿದಳು. ಮನೆಯಲ್ಲಿ ಅತ್ತೆಗೆ ಅನುಮಾನ.

“ಏನೇ ಅದು ಗೊಣಗಾಟ? ನನ್ನನ್ನ ಬೈತಿದ್ದೀಯಾ?”

“ಇಲ್ಲ ಅತ್ತೆ. ದುಡ್ಡು ಎಣಿಸ್ತಿದ್ದೀನಿ.”

“ಕೈಯಲ್ಲಿ ಏನೂ ಕಾಣಲ್ಲ.”

“ಕೈಯಲ್ಲಿದ್ರೆ ನಿಮ್ಮ ಮಗ ಎಣಿಸ್ತಿದ್ರು.”

ಮಗ ಗೋಡೆಗೆ ಬಣ್ಣ ಬಳಿಯುವವನು. ಕೆಲಸ ಇದ್ದ ದಿನ ಉದಾರಿ, ಇಲ್ಲದ ದಿನ ಇನ್ನೂ ಉದಾರಿ. ಅತ್ತೆ ಮಗನ ಪರ ಏನೋ ಹೇಳಲು ಹೋಗಿ, ಹೇಳುವಂಥದ್ದೇನೂ ಸಿಗದೆ ನಕ್ಕುಬಿಟ್ಟಳು.

ಈ ಕಾಣದ ಡಬ್ಬಿ ತೆರೆಯುವುದಕ್ಕೆ ಅವರೇ ಒಂದು ನಿಯಮ ಹಾಕಿಕೊಂಡಿದ್ದರು. ಊಟದ ಹೊತ್ತಿನಲ್ಲಿ, ಶೆಡ್ಡಿನ ಮಧ್ಯದ ಮಡಿಚುವ ಮೇಜಿನ ಮೇಲೆ, ಎಲ್ಲರೆದುರು. ಒಬ್ಬಳು ತನ್ನ ಪದಗಳನ್ನು ದೊಡ್ಡಮ್ಮನ ಫೋನಿನಲ್ಲಿ ಒತ್ತುವಾಗ ಉಳಿದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ತೆಗೆದ ನಾಣ್ಯವನ್ನು ರಿಪೇರಿಯವನಿಗೆ ಕಳಿಸಿದರೆ ಅವನು ನೋಟು ಕೊಡುತ್ತಿದ್ದ. ಕೆಲಸ ಮುಗಿದ ಮೇಲೆ ಫೋನಿನಿಂದ ಮತ್ತೆ ಎಲ್ಲ ಅಳಿಸಬೇಕು.

ನಾಣ್ಯದ ಬೆಲೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಸಲ ಮೂರನೆಯ ಒಂದು ಪಾಲು ಕರಗಿಹೋಯಿತು. ಶೆಡ್ಡಿನಲ್ಲಿ ಗುಸುಗುಸು ಎದ್ದಿತು. “ಏರಿದಾಗ ನಾಣ್ಯ ಒಳ್ಳೇದು, ಇಳಿದಾಗ ಗಂಟಕ್ಕ ಕೆಟ್ಟೋಳು. ಚೆನ್ನಾಗಿದೆ ನಿಮ್ಮ ನ್ಯಾಯ,” ಅಂದಳು ಇವಳು. ಇದನ್ನು ಮುಚ್ಚಿಟ್ಟು ಬರೆದರೆ ನಾನೂ ಆ ನಾಣ್ಯ ಮಾರುವ ದಲ್ಲಾಳಿಗಳ ಸಾಲಿಗೆ ಸೇರುತ್ತೇನೆ. ಬೀದಿ ಬೀದಿಯಲ್ಲಿ ಹಣ ದುಪ್ಪಟ್ಟು ಮಾಡುತ್ತೇವೆಂದು ಹೇಳುವವರಿದ್ದಾರಲ್ಲ, ಅವರು ಕಳ್ಳರು. ಈ ಹೆಂಗಸರು ದುಪ್ಪಟ್ಟು ಕೇಳಿರಲಿಲ್ಲ. ಯಾರೂ ಬಂದು ಎತ್ತಿಕೊಂಡು ಹೋಗಲಾರದ ಒಂದು ಡಬ್ಬಿ ಕೇಳಿದ್ದರು.

ಆಮೇಲೆ ಉಂಗುರದ ವಿಷಯ.

ಒಬ್ಬ ಡಾಕ್ಟರರ ಕೋಟಿನ ಜೇಬಿನಲ್ಲಿ, ಕರವಸ್ತ್ರದ ತುದಿಗೆ ಕಟ್ಟಿದ ಚಿನ್ನದ ಉಂಗುರ ಸಿಕ್ಕಿತು. ಒಡವೆ ಸಿಕ್ಕರೆ ಒಪ್ಪಿಸಲು ಇಬ್ಬರು ಹೋಗಬೇಕು ಅನ್ನುವುದು ಶೆಡ್ಡಿನ ರೂಢಿ. ಗಂಟಕ್ಕ ರೋಲರ್ ತಂಗಿಯನ್ನು ಕರೆದುಕೊಂಡು ಹೋಗಿ ಸೂಪರ್‌ವೈಸರನ ಕೈಗೇ ಕೊಟ್ಟಳು. ಅವನ ಕೋಣೆಗೆ ಗಾಜಿನ ಗೋಡೆ. ಎದುರಿಗಿದ್ದ ಮಡಿಚುವ ಮೇಜಿನಿಂದ ಉದ್ದಕ್ಕ ನೋಡಿದಳು. ಪಕ್ಕದಲ್ಲಿ ಹೊಲಿಯುತ್ತಿದ್ದ ದೊಡ್ಡಮ್ಮನೂ ನೋಡಿದಳು.

ಕೆಲವು ದಿನ ಬಿಟ್ಟು ಡಾಕ್ಟರರು ಉಂಗುರ ಕೇಳಿಕೊಂಡು ಬಂದರು. ಸೂಪರ್‌ವೈಸರ್ ತನಗೇನೂ ಗೊತ್ತಿಲ್ಲ ಅಂದ. ಕೋಟಿನ ಗಂಟು ಬಿಚ್ಚಿದ್ದು ಯಾರು ಅಂತ ಕೇಳಿದರು. ಕಂಪನಿಯ ಮ್ಯಾನೇಜರ್ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಇವಳು ಉಂಗುರ ಕೊಟ್ಟಿದ್ದನ್ನು ಯಾರಾದರೂ ನೋಡಿದ್ದೀರಾ?” ಅಂದ.

ದೊಡ್ಡಮ್ಮ ಸೂಜಿಗೆ ದಾರ ಪೋಣಿಸಿದಳು. ಉದ್ದಕ್ಕ ಮಡಿಚಿದ ಹಾಸನ್ನೇ ಬಿಚ್ಚಿ ಮತ್ತೆ ಮಡಿಚಿದಳು. ರೋಲರ್ ತಂಗಿ ರೋಲರಿನ ಬಿಸಿ ಎಷ್ಟಿದೆ ಅಂತ ನೋಡಿದಳು. ಅವಳ ಗಂಡನಿಗೆ ಆಗ ಕೆಲಸ ಇರಲಿಲ್ಲ. ಉದ್ದಕ್ಕನ ಮಗಳಿಗೆ ಶಾಲೆಯ ಫೀಸು ಕಟ್ಟುವುದಿತ್ತು. ದೊಡ್ಡಮ್ಮನಿಗೆ ಆ ವಯಸ್ಸಿನಲ್ಲಿ ಬೇರೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಕಾರಣ ಎಲ್ಲರಿಗೂ ಇತ್ತು. ಕಾರಣ ಎಲ್ಲರಿಗೂ ಯಾವಾಗಲೂ ಇರುತ್ತದೆ.

ಗಂಟಕ್ಕನನ್ನು ಅವತ್ತೇ ಹೊರಗೆ ಹಾಕಿದರು. ಪೊಲೀಸರಿಗೆ ಕೊಡದೆ ಬಿಟ್ಟದ್ದೇ ಉಪಕಾರ ಅಂದರು. ಗೇಟಿನ ಕಾವಲುಗಾರನಿಗೆ ಇವಳನ್ನು ಒಳಗೆ ಬಿಡಬಾರದು ಅಂತ ಆಜ್ಞೆಯಾಯಿತು. ಅವಳು ಮನೆಮನೆಯ ನೆಲ ಒರೆಸುವ ಕೆಲಸ ಹಿಡಿದಳು. ಎರಡು ಮನೆಯವರು ಉಂಗುರದ ಸುದ್ದಿ ಕೇಳಿ ಬಿಡಿಸಿದರು. ಮೂರನೆಯ ಮನೆಯವರು ಬೀರುವಿಗೆ ಬೀಗ ಹಾಕಿಕೊಂಡು ಇಟ್ಟುಕೊಂಡರು.

ಶೆಡ್ಡಿನ ಡಬ್ಬಿ ಅಂದಿನಿಂದ ಮುಚ್ಚಿಹೋಯಿತು. ಕೇಳಿಕೊಂಡು ಯಾರೂ ಬರಲಿಲ್ಲ. ಬರುವುದಕ್ಕೆ ಮುಖ ಇರಲಿಲ್ಲ.

ಬಂದದ್ದು ರೋಲರ್ ತಂಗಿಯ ಕೈ ಸಿಕ್ಕಿಹಾಕಿಕೊಂಡ ಮೇಲೆ. ರೋಲರಿನ ಮುಂದೆ ಕೈ ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಪಟ್ಟಿ ಇರಬೇಕು. ಅದು ಮುರಿದು ತಿಂಗಳುಗಳಾಗಿದ್ದವು. ಬಲಗೈಯ ಬೆರಳುಗಳು ಸುಟ್ಟು, ಒಳಗಿನ ನರಗಳು ಹರಿದವು. ಕಂಪನಿ ಅದಕ್ಕೆ ಅಜಾಗರೂಕತೆ ಅಂತ ಹೆಸರಿಟ್ಟಿತು. ಗಾಯ ತೊಳೆದು ಹೊಲಿಗೆ ಹಾಕಿ ಕಳಿಸಿದ ಅದೇ ಆಸ್ಪತ್ರೆ, ಬೆರಳು ಮಡಚುವಂತಾಗಬೇಕಾದರೆ ಬೇಗ ಆಪರೇಷನ್ ಮಾಡಬೇಕು, ಅದಕ್ಕೆ ಮುಂಗಡ ಕಟ್ಟಬೇಕು ಅಂತ ಹೇಳಿತು. ಅವಳು ಇಸ್ತ್ರಿ ಮಾಡಿದ ಹಾಸಿನ ಮೇಲೆಯೇ ಅವಳನ್ನು ಕೂರಿಸಿ ಹೇಳಿತು. ಅಷ್ಟು ಹಣ ಇದ್ದದ್ದು ಡಬ್ಬಿಯಲ್ಲಿ ಮಾತ್ರ.

ಮೂವರೂ ಗಂಟಕ್ಕನ ಮನೆಗೆ ಬಂದರು. ಒಂದೇ ಕೋಣೆ. ಮಂಚದ ಕೆಳಗೆ ಬಣ್ಣದ ಡಬ್ಬಗಳು, ಬಾಗಿಲ ಹಿಂದೆ ಏಣಿ, ಮಂಚದ ಮೇಲೆ ಅತ್ತೆ. ಗಂಟಕ್ಕ ಪಾತ್ರೆ ಉಜ್ಜುತ್ತಿದ್ದವಳು ಏಳಲಿಲ್ಲ.

“ಬಂದ್ರಾ? ಕಳ್ಳಿ ಮನೆಗೆ ಬಂದಿದ್ದೀರ, ಚಪ್ಪಲಿ ಜೋಪಾನ.”

ದೊಡ್ಡಮ್ಮ ಕಣ್ಣೊರೆಸಿಕೊಂಡು ವಿಷಯ ಹೇಳಿದಳು. ರೋಲರ್ ತಂಗಿ ಬ್ಯಾಂಡೇಜಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ಮೊದಲು ಮಾತಾಡಿದ್ದು ಅತ್ತೆ. “ಇವಳ ಬಾಯಲ್ಲಿರೋ ಆರು ಮಾತು ಬೇಕು ಅಂತ ಬಂದಿದ್ದೀರ. ನಿಮ್ಮ ಬಾಯಲ್ಲಿದ್ದ ಒಂದು ಮಾತನ್ನ ಅವತ್ತು ಎಲ್ಲಿಟ್ಟಿದ್ರಿ ತಾಯಂದಿರಾ?”

ಉದ್ದಕ್ಕ ಮೆಲ್ಲಗೆ, “ಇಲ್ಲೇ ಬಾಗಿಲು ಹಾಕ್ಕೊಂಡು ತೆಗೆಯೋಣ ಕಣೇ. ಫೋನ್ ತಂದಿದ್ದೀವಿ,” ಅಂದಳು.

“ಡಬ್ಬಿ ತೆಗೆಯೋದು ಎಲ್ಲಿ?” ಗಂಟಕ್ಕ ಕೇಳಿದಳು.

“ಮೇಜಿನ ಮೇಲೆ. ಎಲ್ಲರೆದುರು.”

“ಬಾಗಿಲು ಹಾಕ್ಕೊಂಡು ತೆಗೆಯೋರು ಕಳ್ಳರು. ನಾನು ಕಳ್ಳಿ ಅಲ್ಲ.”

“ನಿನ್ನನ್ನ ಗೇಟಲ್ಲೇ ಬಿಡಲ್ವಲ್ಲೇ.”

“ನನ್ನ ಕಾಲಿಗೆ ದಾರಿ ಗೊತ್ತು. ಊಟದ ಹೊತ್ತಿನವರೆಗೆ ಕಾಯೋದು ಬೇಡ, ನಾಳೆ ಬೆಳಿಗ್ಗೇನೇ ಗೇಟ್ ಹತ್ರ ಇರ್ತೀನಿ. ಒಳಗೆ ಕರ್ಕೊಂಡು ಹೋಗೋದು ನಿಮ್ಮ ಕೆಲಸ.”

“ಅಕ್ಕ,” ಅಂದಳು ರೋಲರ್ ತಂಗಿ, “ನಾನು ಅವತ್ತು ನೋಡಿದ್ದನ್ನ ಹೇಳಿದ್ರೆ ನೀನು ಪದ ಕೊಡ್ತೀಯಾ? ಹೇಳ್ತೀನಿ. ಆಣೆ ಮಾಡ್ತೀನಿ.”

ಗಂಟಕ್ಕನಿಗೆ ಆಗ ನಿಜವಾಗಿ ಸಿಟ್ಟು ಬಂತು. ತೊಳೆದ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. “ನಾನೇನು ಅಂಗಡಿ ಹಾಕಿದ್ದೀನಾ? ಇಷ್ಟು ಸತ್ಯಕ್ಕೆ ಇಷ್ಟು ದುಡ್ಡು ಅಂತ? ನೀನು ಬಾಯಿ ಬಿಡು, ಬಿಡದೇ ಇರು, ನಿನ್ನ ಕೈ ಹಾಳಾಗೋಕೆ ನಾನು ಬಿಡಲ್ಲ. ಗೇಟಿಂದ ನನ್ನನ್ನ ಎಳೆದು ಹಾಕಿದ್ರೆ ಅಲ್ಲೇ ಬೀದೀಲಿ ಕೂತು ಪದ ಒತ್ತುತ್ತೀನಿ, ಬೀದಿ ಜನರೆಲ್ಲ ನೋಡಲಿ. ಕತ್ತಲೇಲಿ ಕದ್ದು ಮಾತ್ರ ಒತ್ತಲ್ಲ.”

ನಿಮ್ಮಲ್ಲಿ ಕೆಲವರು ಈಗ ಬೆರಳು ಎತ್ತುತ್ತೀರಿ, ನನಗೆ ಗೊತ್ತು. ಕೈ ಹೋಗುತ್ತಿರುವ ಹುಡುಗಿಯ ಮುಂದೆ ಇಷ್ಟು ಹಟ ಬೇಕಿತ್ತೇ ಅಂತ. ಬೇಕಿತ್ತು. ಹಟ ಮಾಡುವ ಹಕ್ಕು ಬಡವರಿಗೆ ಬಂದಾಗಲೆಲ್ಲ ನಿಮಗೆ ಕರುಣೆ ನೆನಪಾಗುತ್ತದೆ. ಆ ಮುರಿದ ಪಟ್ಟಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟವನ ಮುಂದೆ ನಿಮ್ಮ ಕರುಣೆ ಎಲ್ಲಿ ಹೋಗಿತ್ತು?

ಮರುದಿನ ಬೆಳಿಗ್ಗೆ ಅವಳು ಗೇಟಿನ ಹತ್ತಿರ ನಿಂತಿದ್ದಳು. ತೊಳೆದ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ಮೂವರೂ ಬಂದರು. ಕಾವಲುಗಾರ ಅಡ್ಡ ನಿಂತ.

“ಅಕ್ಕ, ನನಗೆ ತೊಂದರೆ ಕೊಡಬೇಡಿ. ನಂಗೂ ಮಕ್ಕಳಿದ್ದಾರೆ.”

“ಎಲ್ಲರಿಗೂ ಇದ್ದಾರಪ್ಪ,” ಅಂದಳು ದೊಡ್ಡಮ್ಮ. ಅವನ ಕೈಯನ್ನು ಪರದೆ ಸರಿಸಿದ ಹಾಗೆ ಸರಿಸಿದಳು. ನಾಲ್ವರೂ ಒಳಗೆ ನಡೆದರು. ಅವನು ಹಿಂದೆಯೇ ಬಂದ.

ಶೆಡ್ಡಿನಲ್ಲಿ ಯಂತ್ರಗಳು ಓಡುತ್ತಿದ್ದವು. ಮಡಿಚುವ ಮೇಜಿನ ಹತ್ತಿರ ಇವಳನ್ನು ಕಂಡು ಹೆಂಗಸರು ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿದರು. ಸೂಪರ್‌ವೈಸರ್ ಗಾಜಿನ ಕೋಣೆಯಿಂದ ಹೊರಗೆ ಬಂದ.

“ಇವಳನ್ನ ಯಾರು ಬಿಟ್ಟಿದ್ದು? ಕಳ್ಳಿಗೆ ಇಲ್ಲೇನು ಕೆಲಸ?”

ರೋಲರ್ ತಂಗಿ ಮುಂದೆ ಬಂದಳು. “ಉಂಗುರ ನಿಮ್ಮ ಕೈಗೆ ಕೊಟ್ಟಿದ್ದು ಸಾರ್. ನಾನು ಪಕ್ಕದಲ್ಲೇ ಇದ್ದೆ. ನೀವು ಅದನ್ನ ಬೆರಳಿಗೆ ಹಾಕಿ ನೋಡಿ, ‘ಸಣ್ಣದಾಯ್ತು’ ಅಂದ್ರಿ.”

“ನಾನು ಗಾಜಿನಿಂದ ನೋಡಿದೆ,” ಅಂದಳು ಉದ್ದಕ್ಕ.

“ನಾನೂ ನೋಡಿದೆ,” ಅಂದಳು ದೊಡ್ಡಮ್ಮ. “ಅವತ್ತು ಹೇಳ್ಲಿಲ್ಲ. ಇವತ್ತು ಹೇಳ್ತಿದ್ದೀನಿ. ಏನ್ ಮಾಡ್ತೀರೋ ಮಾಡಿ.”

ಅವನು ನಕ್ಕ. ಪುರಾವೆ ಎಲ್ಲಿ ಅಂದ. ಕೈ ಸುಟ್ಟುಕೊಂಡವಳಿಗೆ ದುಡ್ಡಿನ ಆಸೆ ಅಂದ. ಆಮೇಲೆ ಮೇಜಿನ ಮೇಲಿದ್ದ ದೊಡ್ಡಮ್ಮನ ಫೋನು ಅವನ ಕಣ್ಣಿಗೆ ಬಿತ್ತು. ಇವರು ಫೋನಿನಲ್ಲಿ ಹಣ ಕೂಡಿಡುತ್ತಾರೆ ಅನ್ನುವುದು ಅವನ ಕಿವಿಗೂ ಬಿದ್ದಿತ್ತು. “ಸಿಕ್ಕಿದ್ದೆಲ್ಲ ಕಂಪನಿಯದು ಅಂತ ಹೇಳಿದ್ದೆ, ಮರೆತುಬಿಟ್ರಾ?” ಅಂದವನೇ ಫೋನನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಶೆಡ್ಡಿನವರಿಗೆಲ್ಲ ಹಳೆಯ ಡಬ್ಬಿ ಹೋದ ದಿನ ನೆನಪಾಯಿತು. ಗಂಟಕ್ಕ ನಗತೊಡಗಿದಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

“ಇಟ್ಕೊಳ್ಳಿ ಸಾರ್, ಇಟ್ಕೊಳ್ಳಿ. ಅದರೊಳಗೆ ದೊಡ್ಡಮ್ಮನ ಮೊಮ್ಮಗನ ಫೋಟೋ ಬಿಟ್ರೆ ಏನೂ ಇಲ್ಲ. ನಮ್ಮ ದುಡ್ಡು ಬೇಕು ಅಂದ್ರೆ ನಾಲ್ಕು ಜನರ ತಲೆ ಜೇಬಿಗೆ ಹಾಕ್ಕೋಬೇಕು. ಹಿಡಿಸುತ್ತಾ ನೋಡಿ.”

ಹಿಂದಿನಿಂದ ಯಾರೋ ಕಿಸಕ್ಕಂದರು. ನಗು ಯಂತ್ರದಿಂದ ಯಂತ್ರಕ್ಕೆ ಹೋಯಿತು. ಆ ಮನುಷ್ಯನ ಮುಖ ನೋಡಬೇಕಿತ್ತು ಅಂತ ಇವತ್ತಿಗೂ ಅಲ್ಲಿಯವರು ಹೇಳುತ್ತಾರೆ. ಆದರೆ ಬೇರೆ ಫೋನು ಬೇಕಿತ್ತು. ನಾಲ್ವರಲ್ಲಿ ಬೇರೆ ಯಾರೂ ಫೋನು ತಂದಿರಲಿಲ್ಲ, ಉಳಿದ ಹೆಂಗಸರ ಫೋನುಗಳೆಲ್ಲ ಕೆಲಸದ ಹೊತ್ತಿನಲ್ಲಿ ಕಂಪನಿಯ ಕಪಾಟಿನಲ್ಲಿ ಬಂದಿ. ಆಗ ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದು ತನ್ನದನ್ನು ಮೇಜಿನ ಮೇಲೆ ಇಟ್ಟ.

“ಚಾರ್ಜ್ ಕಮ್ಮಿ ಇದೆ,” ಅಂದ. “ಬೇಗ ಮುಗಿಸಿ.”

“ಏಯ್, ನಿನಗೆ ಕೆಲಸ ಬೇಡವಾ?” ಅಂದ ಸೂಪರ್‌ವೈಸರ್.

“ಬೇಕು ಸಾರ್. ನಿಮ್ಮವನಲ್ಲ ಸಾರ್ ನಾನು, ನಾನು ಸೆಕ್ಯೂರಿಟಿ ಕಂಪನಿಯವನು.”

ಉದ್ದಕ್ಕನ ಪದ ಮೊದಲು. ಎಲ್ಲರೂ ಗೋಡೆಗೆ ತಿರುಗಿದರು, ಕಾವಲುಗಾರನೂ ತಿರುಗಿದ. ಸೂಪರ್‌ವೈಸರ್ ತಿರುಗಲಿಲ್ಲ. ಹೆಂಗಸರು ಒಂದು ದೊಡ್ಡ ಹಾಸನ್ನು ಬಿಚ್ಚಿ, ತುದಿ ಹಿಡಿದು, ಅವನ ಮುಂದೆ ಗೋಡೆಯ ಹಾಗೆ ನಿಲ್ಲಿಸಿದರು. ಆ ಬಿಳಿ ಬಟ್ಟೆಯ ಹಿಂದೆ ಒಬ್ಬೊಬ್ಬಳಾಗಿ ಬಂದು ಒತ್ತಿದರು. ರೋಲರ್ ತಂಗಿ ಎಡಗೈಯಿಂದ ಒತ್ತಿದಳು, ಎರಡು ಸಲ ತಪ್ಪಿದಳು. ಕೊನೆಗೆ ಗಂಟಕ್ಕ. ಇ‌ಷ್ಟು ತಿಂಗಳ ಮೇಲೂ ಆರು ಪದ ಒಂದರ ಹಿಂದೆ ಒಂದು ಬಂದವು.

ಬೀಗ ಬಿಚ್ಚಿತು. ಹಣ ರಿಪೇರಿಯವನಿಗೆ ಹೋಯಿತು, ಮಧ್ಯಾಹ್ನದೊಳಗೆ ನೋಟಾಗಿ ಆಸ್ಪತ್ರೆಯ ಕೌಂಟರಿಗೆ ಬಂತು. ಕಾವಲುಗಾರನ ಫೋನಿನಿಂದ ಎಲ್ಲ ಅಳಿಸಿ ಅವನ ಕೈಗೇ ಕೊಟ್ಟರು. ದೊಡ್ಡಮ್ಮನ ಫೋನನ್ನು ಸೂಪರ್‌ವೈಸರ್ ತಾನಾಗಿಯೇ ಮೇಜಿನ ಮೇಲೆ ಇಟ್ಟು ಹೋದ. ಅದನ್ನು ಕೊಡುವವರೆಗೆ ಹೆಂಗಸರು ಒಂದು ಯಂತ್ರವನ್ನೂ ಓಡಿಸಿರಲಿಲ್ಲ. ಮೇಲಿನ ವಾರ್ಡುಗಳಿಂದ ಹಾಸು ಎಲ್ಲಿ ಅಂತ ಫೋನಿನ ಮೇಲೆ ಫೋನು ಬರುತ್ತಿತ್ತು.

ರೋಲರ್ ತಂಗಿಯ ಮೂರು ಬೆರಳು ಈಗ ಮಡಚುತ್ತವೆ. ಒಂದು ಮಡಚುವುದಿಲ್ಲ. ಸೂಪರ್‌ವೈಸರನಿಗೆ ಶಿಕ್ಷೆ ಏನೂ ಆಗಿಲ್ಲ. ಇನ್ನೊಂದು ಆಸ್ಪತ್ರೆಗೆ ವರ್ಗ ಮಾಡಿದ್ದಾರೆ. ಉಂಗುರ ಸಿಕ್ಕಿಲ್ಲ. ಗಂಟಕ್ಕನಿಗೆ ಕೆಲಸ ವಾಪಸ್ ಬಂದಿಲ್ಲ. ಕಾರ್ಮಿಕ ಇಲಾಖೆಯಲ್ಲಿ ದೂರು ಇದೆ. ಉಳಿದ ಮೂವರೂ ಅಲ್ಲಿ ಹೆಬ್ಬೆಟ್ಟೋ ಸಹಿಯೋ ಹಾಕಿ ಹೇಳಿಕೆ ಕೊಟ್ಟಿದ್ದಾರೆ. ಕೊಟ್ಟ ಮೇಲೆ ಅವರಿಗೆ ಹೆಚ್ಚುವರಿ ಪಾಳಿ ಸಿಗುವುದು ನಿಂತಿದೆ. ಡಬ್ಬಿ ಮತ್ತೆ ತುಂಬುತ್ತಿದೆ. ಗಂಟಕ್ಕ ಶೆಡ್ಡಿನವಳಲ್ಲದಿದ್ದರೂ ಆರು ಪದ ಅವಳ ಹತ್ತಿರವೇ ಇವೆ. ಬದಲಾಯಿಸೋಣವೇ ಅಂತ ಯಾರೋ ಹೊಸಬಳು ಕೇಳಿದ್ದಕ್ಕೆ ಉದ್ದಕ್ಕ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳಂತೆ, ಅಷ್ಟೇ.

ಸರ್ಕಾರ ಆ ನಾಣ್ಯವನ್ನು ಹಣ ಅಂತ ಒಪ್ಪುವುದಿಲ್ಲ. ಒಪ್ಪಲಿ, ಬಿಡಲಿ. ನಾಳೆ ಅದರ ಬೆಲೆ ನೆಲ ಕಚ್ಚಿದರೂ ಕಚ್ಚಬಹುದು. ಹಾಗಾದರೆ ಈ ಹೆಂಗಸರೇ ಅಳುತ್ತಾರೆ, ಯಾರೂ ಬಂದು ಕಣ್ಣೊರೆಸುವುದಿಲ್ಲ. ನಾನು ಅದನ್ನು ಕೊಳ್ಳಿ ಅಂತ ನಿಮಗೆ ಹೇಳುತ್ತಿಲ್ಲ. ಅವರ ಡಬ್ಬಿಯನ್ನು ಸೂಪರ್‌ವೈಸರನಿಂದ ನಾಣ್ಯ ಕಾಪಾಡಿತು, ನಿಜ. ಗಂಟಕ್ಕನ ಮರ್ಯಾದೆಯನ್ನು ಕಾಪಾಡುವುದು ಯಾವ ಕಂಪ್ಯೂಟರಿನಿಂದಲೂ ಆಗಲಿಲ್ಲ. ಅದಕ್ಕೆ ನೋಡಿದವರು ಬಾಯಿ ತೆರೆಯಬೇಕಾಯಿತು. ತಡವಾಗಿ ತೆರೆದರು. ತಡವಾದದ್ದಕ್ಕೆ ಎರಡು ಮನೆಗಳು ಅವಳನ್ನು ಹೊರಗೆ ಹಾಕಿದ್ದವು, ಒಂದು ಮನೆ ಬೀರುವಿಗೆ ಬೀಗ ಹಾಕಿತ್ತು.

ನೀವು ಕೆಲಸ ಮಾಡುವ ಕಡೆಯೂ ಒಬ್ಬರಿದ್ದಾರೆ. ಮಾಡದ ತಪ್ಪಿಗೆ ಹೆಸರು ಕೆಡಿಸಿಕೊಂಡವರು. ಅವರು ಮಾಡಿಲ್ಲ ಅಂತ ನಿಮಗೆ ಗೊತ್ತು, ಯಾಕೆಂದರೆ ನೀವು ಅಲ್ಲೇ ಇದ್ದಿರಿ. ನಾಳೆ ಹೋಗಿ, ಎಲ್ಲರೂ ಇರುವಾಗ, ನೀವು ಕಂಡದ್ದನ್ನು ಹೇಳಿ.